ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತುವ ಮುಂಚೆ

ಕೊಪ್ಪಳ, ಕುಷ್ಟಗಿ ಕಡೆ ಹಳೇ ಮಾಳಿಗೆ ಮನೆ, ಅಂದರೆ ಮಣ್ಣಿನ ಗೋಡೆ, ಮಣ್ಣಿನ ಚಾವಣಿಯ ಮನೆ, ರಿಪೇರಿಗೆ ಬಂತೆಂದರೆ ಗೌಂಡಿಯ ಮೊದಲ ಮಾತು: "ಸಿಮೆಂಟ್ ಗಿಲಾವ್ ಮಾಡಿಸಿಬಿಡ್ರಿ, ಗಟ್ಟಿ ಆಗ್ತದ." ಇಂಗ್ಲೆಂಡಿನ ಡೆವನ್ ಕಡೆಯ ಮಣ್ಣಿನ ಮನೆಗಳು ಈ ಗಟ್ಟಿತನಕ್ಕೆ ತಕ್ಕ ಬೆಲೆ ತೆತ್ತಿವೆ.

ಅಲ್ಲಿ ಇಂಥ ಮಣ್ಣಿನ ಗೋಡೆಗೆ ಕಾಬ್ ಅನ್ನುತ್ತಾರೆ. ಜೇಡಿಮಣ್ಣು, ಗರಸು, ಒಣಹುಲ್ಲು, ನೀರು ಹಾಕಿ ತುಳಿದು, ಕಲ್ಲಿನ ತಳಗೋಡೆಯ ಮೇಲೆ ಒಂದೂವರೆ-ಎರಡು ಅಡಿ ಏರಿಸುವುದು. ಅದು ಒಣಗಿದ ಮೇಲೇ ಮುಂದಿನ ವರಸೆ. ಅಚ್ಚಿಲ್ಲ, ಇಟ್ಟಿಗೆಯಿಲ್ಲ. ಗೋಡೆ ಎರಡಡಿಗೂ ದಪ್ಪ. ಮಳೆ ತಾಗದಂತೆ ಹುಲ್ಲಿನ ಸೂರು ಆಚೆ ಚಾಚಿರುತ್ತದೆ. ಮೊದಲ ಎಲಿಜಬೆತ್ ರಾಣಿಯ ಕಾಲದ ನಾವಿಕ ವಾಲ್ಟರ್ ರಾಲಿ ಹುಟ್ಟಿದ ಹೇಯ್ಸ್ ಬಾರ್ಟನ್ ಇಂಥದ್ದೇ ಮನೆ, ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ, ಗ್ರೇಡ್ 1.

ಇಂಥ ಗೋಡೆ ತೇವ ಹೀರಿ ಮತ್ತೆ ಗಾಳಿಗೆ ಬಿಡುತ್ತದೆ. ಸಿಮೆಂಟ್ ಮೆತ್ತಿದರೆ ಕೂದಲೆಳೆ ಬಿರುಕಿನಲ್ಲಿ ನೀರು ಒಳಗೆ ಹೋಗುತ್ತದೆ, ಹೊರಬರಲು ದಾರಿಯಿಲ್ಲ. ಬುಡ ಒಳಗೊಳಗೇ ಕೆಸರಾದರೂ ಮೇಲಿನ ಗಿಲಾವು ನೆಟ್ಟಗೇ ಕಾಣುತ್ತದೆ. ಆಮೇಲೆ ಒಂದು ಮೂಲೆ ದಿಢೀರನೆ ಕುಸಿಯುತ್ತದೆ. ಬೆರಳಿನಿಂದ ತಟ್ಟಿ ನೋಡಿ: ಟೊಳ್ಳು ಸದ್ದು ಬಂದರೆ ಗಿಲಾವು ಗೋಡೆ ಬಿಟ್ಟಿದೆ. ಹಾಗಂತ ಪೂರ್ತಿ ಒಮ್ಮೆಲೇ ಕೀಳಬಾರದು. ನೆನೆದ ಗೋಡೆ ಅದರ ಆಸರೆಯಲ್ಲೇ ನಿಂತಿರಬಹುದು. ಸ್ವಲ್ಪ ಸ್ವಲ್ಪ ಕಿತ್ತು, ಒಣಗಲು ಬಿಟ್ಟು ಮುಂದುವರಿಯಬೇಕು.

ಇಂಗ್ಲೆಂಡಿನಲ್ಲಿ ಪಟ್ಟಿಯಲ್ಲಿರುವ ಮನೆಯ ಸ್ವರೂಪವನ್ನು ಅನುಮತಿಯಿಲ್ಲದೆ ಬದಲಿಸುವುದು 1990ರ ಕಾಯ್ದೆ ಪ್ರಕಾರ ಅಪರಾಧ. ನಮ್ಮ ಮಾಳಿಗೆ ಮನೆಗೆ ಯಜಮಾನನೇ ಕಾವಲು.

ಸಿಮೆಂಟ್ ಬದಲಿಗೆ ಸುಣ್ಣದ ಗಾರೆ. ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ ಕನಿಷ್ಠ ಮೂರು ವಾರ ಮುಳುಗಿಸಿಡಿ. ಆ ಮುದ್ದೆ ಒಂದು ಪಾಲಿಗೆ ಚೂಪು ಮರಳು (ಒರಟು, ಮೊನಚು ಕಣದ್ದು) ಮೂರು ಪಾಲು. ಗೋಡೆಗೆ ನೀರು ಚಿಮುಕಿಸಿ, ಒಂದು ಸಲಕ್ಕೆ ಅರ್ಧ ಇಂಚು ಮೀರದಂತೆ ಬಳಿಯಿರಿ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುತ್ತದೆ, ಅದಕ್ಕೆ ಹದವಾದ ತೇವ ಬೇಕು. ರಾಯಚೂರಿನ ಏಪ್ರಿಲ್ ಬಿಸಿಲಿಗೆ ಬಳಿದರೆ ತಾಸಿನಲ್ಲೇ ಒಣಗಿ ಪುಡಿಯಾಗಿ ಉದುರುತ್ತದೆ. ದೀಪಾವಳಿ ಆದಮೇಲೆ ಮಾಡಿ, ವಾರವಾದರೂ ಒದ್ದೆ ಗೋಣಿತಟ್ಟು ಹೊದಿಸಿ.

ಮಾಳಿಗೆ ಮೇಲೂ ಸಿಮೆಂಟ್ ಬೇಡ. ಜಂತಿ ಆ ಭಾರಕ್ಕೆ ಬಾಗುತ್ತದೆ. ಹಿರಿಯರು ಹಾಕುತ್ತಿದ್ದ ಸವಳು ಮಣ್ಣೇ ಸರಿ: ಅದರಲ್ಲಿನ ಸೋಡಿಯಂನಿಂದ ಮಣ್ಣಿನ ಕಣ ನೆನೆದಾಗ ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ, ನೀರು ಇಳಿಯುವುದಿಲ್ಲ. ಮುಂಗಾರಿಗೆ ಮುಂಚೆ ಒಂದು ಪದರ ಹೊಸದಾಗಿ ಹರಡಿ ಬಡಿಯಿರಿ. ಮಾಳಿಗೆ ನೀರು ಹೊರಬೀಳುವ ದೋಣಿಯ ತುದಿ ಗೋಡೆಯಿಂದ ಒಂದೂವರೆ ಅಡಿಯಾದರೂ ಆಚೆ ಚಾಚಿರಲಿ. ಮೋಟಾಗಿದ್ದರೆ ಗಾರೆಗೂ ಮುಂಚೆ ಅದನ್ನೇ ಬದಲಿಸಿ.