ಅರಿಶಿನದ ಹಳದಿ, ಟ್ಯಾಂಕಿನ ಬಿಸಿನೀರು: ನಮ್ಮ ಕಡೆಯ ಫೋಟೊಗ್ರಾಫರಿಗೆ ರೀಲೋ, ಡಿಜಿಟಲೋ?

ಹಂದರದಲ್ಲಿ ಅರಿಶಿನ ಹಚ್ಚುವ ಹೊತ್ತು. ಮೇಲೆ ಕೆಂಪು ಶಾಮಿಯಾನ, ಅದರ ಮೇಲೆ ರಾಯಚೂರಿನ ಹನ್ನೊಂದು ಗಂಟೆಯ ಬಿಸಿಲು. ಡಿಜಿಟಲ್ ಕೆಲಸ ಹೆಚ್ಚಾಗಿ ಕೆಡುವುದು ಇಲ್ಲೇ. ಕ್ಯಾಮರಾ ಬೆಳಕನ್ನು ಹಿಡಿಯುವ ಮೂರು ಬಣ್ಣದ ಚಾನೆಲ್‌ಗಳ ಪೈಕಿ ಅರಿಶಿನದ ಹಳದಿಯಲ್ಲಿ ಕೆಂಪು, ಹಸಿರು ತುಂಬಿರುತ್ತವೆ, ನೀಲಿ ಇರುವುದೇ ಕಡಿಮೆ. ಶಾಮಿಯಾನದ ಕೆಂಪೂ ಸೇರಿಕೊಂಡರೆ ಕೆಂಪು ಚಾನೆಲ್ ಎಲ್ಲಕ್ಕಿಂತ ಮೊದಲು ತುಂಬಿ ಹೊರಗೆ ಚೆಲ್ಲುತ್ತದೆ. ಪರದೆಯಲ್ಲಿ ಬಿಳಿ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಒಂದನ್ನೇ ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಆಲ್ಬಮ್ ಪ್ರಿಂಟ್ ಆಗಿ ಬಂದಾಗ ಗೊತ್ತಾಗುತ್ತದೆ: ಕೆನ್ನೆಯ ಮೇಲಿನ ಅರಿಶಿನ ಒಂದೇ ಬಣ್ಣದ ತೇಪೆಯಾಗಿದೆ, ಬೆರಳಾಡಿದ ಗೆರೆ ಒಂದೂ ಉಳಿದಿಲ್ಲ.

ಮೂರೂ ಬಣ್ಣದ ಹಿಸ್ಟೋಗ್ರಾಂ ಹಾಕಿಕೊಳ್ಳಿ. ಅದನ್ನು ಕ್ಯಾಮರಾ ಲೆಕ್ಕ ಹಾಕುವುದು ಜೆಪೆಗ್ ನೋಟದಿಂದ, ಹಾಗಾಗಿ ಪಿಕ್ಚರ್ ಸ್ಟೈಲ್ ನ್ಯೂಟ್ರಲ್‌ಗೆ ಇಟ್ಟರೆ ನಿಜಕ್ಕೆ ಹತ್ತಿರದ ಲೆಕ್ಕ ಸಿಗುತ್ತದೆ. ಚಿತ್ರವನ್ನು ರಾ ಫೈಲಿನಲ್ಲೇ (ಕ್ಯಾಮರಾ ಸಂಸ್ಕರಿಸದ ಮೂಲ ಫೈಲು) ತೆಗೆಯಿರಿ. ಎಕ್ಸ್‌ಪೋಷರ್ ಮೂರನೇ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಇಲ್ಲವೇ ಇಮ್ಮಡಿ), ಅದೇ ಶಾಮಿಯಾನದ ಕೆಳಗೆ, ಬಣ್ಣ ಸರಿಹೊಂದಿಸಲು ಬಳಸುವ ಬೂದು ಬಣ್ಣದ ಗ್ರೇ ಕಾರ್ಡಿನ ಒಂದು ಫ್ರೇಮ್ ಹಿಡಿದಿಟ್ಟುಕೊಳ್ಳಿ. ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಬೆಳಕನ್ನು ತರಲಾಗದು.

ಕಲರ್ ನೆಗೆಟಿವ್ ರೀಲಿನ ಸ್ವಭಾವ ಇದಕ್ಕೆ ತೀರಾ ಉಲ್ಟಾ. ಐಎಸ್‌ಒ (ಬೆಳಕು ಹಿಡಿಯುವ ವೇಗ) 400ರ ಕೊಡಾಕ್ ಪೋರ್ಟ್ರಾ 400 ರೀಲನ್ನು 200 ಎಂದುಕೊಂಡು ಒಂದು ಸ್ಟಾಪ್ ಹೆಚ್ಚು ಬೆಳಕು ಕೊಟ್ಟರೆ ಅರಿಶಿನದ ಪದರು ಪದರಾಗಿ ಉಳಿಯುತ್ತದೆ. ಬೆಳಕು ಕಡಿಮೆಯಾದರೆ ಮಾತ್ರ ನೆರಳೆಲ್ಲ ಕೆಸರು, ಸ್ಕ್ಯಾನ್‌ನಲ್ಲಿ ಎಷ್ಟು ಎಳೆದರೂ ಬರುವುದು ಬರೀ ಕಾಳು (ಗ್ರೇನ್). ಡಿಜಿಟಲ್ ಅಭ್ಯಾಸದವರು ರೀಲಿಗೆ ಬಂದಾಗ ಮಾಡುವ ಮೊದಲ ತಪ್ಪೇ ಇದು: ಹೈಲೈಟ್ (ಹೆಚ್ಚು ಬೆಳಕಿನ ಭಾಗ) ಉಳಿಸಲು ಹೋಗಿ, ಬೆಳಕು ಕಡಿಮೆ ಕೊಟ್ಟು ನೆಗೆಟಿವ್ ತೆಳ್ಳಗೆ ಮಾಡಿಕೊಳ್ಳುತ್ತಾರೆ.

ಹಾಗಂತ ಮದುವೆಯನ್ನು ಪೂರ್ತಿ ರೀಲಿನಲ್ಲಿ ಒಪ್ಪಿಕೊಳ್ಳಬೇಡಿ. ಎರಡು ದಿನದ ಕೆಲಸಕ್ಕೆ 3000 ಫ್ರೇಮ್ ಎಂದರೆ 36ರ ರೀಲು 84 ಬೇಕು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ರೀಲು ಅಂಗಡಿಯಲ್ಲಿ ಸಿಗುತ್ತಿದ್ದ ಕಾಲ ಮುಗಿದಿದೆ. ಅಕ್ಕಿಕಾಳು ಬೀಳುವ ಗಳಿಗೆ ಒಂದೇ ಸಲ ಬರುವುದು, ಆ ಹೊತ್ತಿಗೆ ಎರಡು ಕಾರ್ಡಿಗೂ ಒಟ್ಟಿಗೆ ಬರೆಯುವ ಡಿಜಿಟಲ್ ಬಾಡಿಯೇ ಇರಬೇಕು. ಕಲ್ಯಾಣ ಮಂಟಪದ ಎಲ್‌ಇಡಿ ದೀಪದಡಿ ಪಟ್ಟೆ ಬಿದ್ದರೆ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ, ವೇಗ 1/100ಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ರೀಲು ಬೇಕೆನ್ನುವ ಗಿರಾಕಿಗೆ ಮದುಮಕ್ಕಳ ಪೋರ್ಟ್ರೇಟ್ ಮಾತ್ರ 120 ರೀಲಿನಲ್ಲಿ (ಅಗಲದ ಮೀಡಿಯಂ ಫಾರ್ಮ್ಯಾಟ್ ರೀಲು) ತೆಗೆದುಕೊಡಿ. 6×6 ಸೆಂ.ಮೀ. ಚೌಕ ಫ್ರೇಮಿನಲ್ಲಿ ರೀಲಿಗೆ 12 ಫ್ರೇಮ್, ನಾಲ್ಕು ರೀಲು ಧಾರಾಳ.

ಇನ್ನು ನಮ್ಮ ಬಿಸಿಲು. ಬಹುತೇಕ ಡಿಜಿಟಲ್ ಬಾಡಿಗಳಿಗೆ ಕಂಪನಿಯವರು ಹೇಳುವ ಮಿತಿ 40 ಡಿಗ್ರಿ, ರಾಯಚೂರು ಬಳ್ಳಾರಿಯ ಏಪ್ರಿಲ್ ಅದನ್ನು ದಾಟುತ್ತದೆ. ಎರಡು ಬಾಡಿ ಇದ್ದರೆ ಒಂದು ನೆರಳಲ್ಲಿರಲಿ. ರೀಲು ಫ್ರಿಜ್ಜಿನಲ್ಲಿರಲಿ, ಬಳಸುವ ಮುಂಚೆ ಡಬ್ಬಿ ತೆರೆಯದೆ ಒಂದೆರಡು ತಾಸು ಹೊರಗಿಡಿ. ತಣ್ಣಗಿದ್ದಾಗಲೇ ತೆರೆದರೆ ಮೇಲೆ ನೀರು ಕೂರುತ್ತದೆ.

ಕಪ್ಪು-ಬಿಳುಪು ರೀಲನ್ನು ಸ್ಟುಡಿಯೊದಲ್ಲೇ ತೊಳೆಯುವವರಿಗೆ ನಿಜವಾದ ತೊಂದರೆ ನೀರಿನದು. ಇಲ್‌ಫರ್ಡ್ ಕಂಪನಿಯ ಎಚ್‌ಪಿ5 ಪ್ಲಸ್ ರೀಲಿಗೆ ಅವರದೇ ಐಡಿ-11 ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ), 1+1ರಲ್ಲಿ, ಅಂದರೆ ಅಷ್ಟೇ ನೀರು ಬೆರೆಸಿ, 20 ಡಿಗ್ರಿಗೆ 13 ನಿಮಿಷ. ಮಾಳಿಗೆಯ ಸಿಂಟೆಕ್ಸ್ ಟ್ಯಾಂಕಿನ ನೀರು ಬೇಸಿಗೆಯಲ್ಲಿ ಕೈ ಸುಡುತ್ತದೆ. ಐಸನ್ನು ಡೆವಲಪರ್‌ಗೆ ಹಾಕಬೇಡಿ, ಅದು ಕರಗಿದಷ್ಟೂ ಡೆವಲಪರ್ ತೆಳುವಾಗುತ್ತದೆ. ಬಕೆಟ್ಟಿನಲ್ಲಿ ಐಸ್ ನೀರಿಟ್ಟು ಬಾಟಲಿಗಳನ್ನು ಅದರಲ್ಲಿ ನಿಲ್ಲಿಸಿ. 20ಕ್ಕೆ ಇಳಿಯದಿದ್ದರೆ 24ರಲ್ಲೇ ಸುಮಾರು 9 ನಿಮಿಷಕ್ಕೆ ಮುಗಿಸಬಹುದು. ನೀರು ಬೆರೆಸದೆ ಬಳಸಿದರೆ 20ಕ್ಕೇ ಏಳೂವರೆ ನಿಮಿಷ, 24ರಲ್ಲಿ ಅದು ಐದರ ಹತ್ತಿರಕ್ಕೆ ಬಂದು ಡೆವಲಪ್ ಏರುಪೇರಾಗುವ ಭಯ. ನಮ್ಮ ಕಡೆ 1+1 ಒಳ್ಳೆಯದು ಎನ್ನುವುದು ಇದಕ್ಕೇ. ಫಿಕ್ಸರ್ (ಮೂಡಿದ ಚಿತ್ರವನ್ನು ನಿಲ್ಲಿಸುವ ದ್ರಾವಣ), ತೊಳೆಯುವ ನೀರು ಕೂಡ ಅದೇ ಬಿಸಿಯಲ್ಲಿರಲಿ, ಐದು ಡಿಗ್ರಿಗಿಂತ ಹೆಚ್ಚು ಹೆಚ್ಚುಕಡಿಮೆ ಬೇಡ.

ನಲ್ಲಿ ಬಿಟ್ಟು ಅರ್ಧ ತಾಸು ತೊಳೆಯುವಷ್ಟು ನೀರು ನಮ್ಮಲ್ಲಿಲ್ಲ, ಬೇಕಾಗಿಯೂ ಇಲ್ಲ. ಗಟ್ಟಿಗೊಳಿಸುವ ಅಂಶವಿಲ್ಲದ ಫಿಕ್ಸರ್ ಬಳಸಿದ್ದರೆ ಟ್ಯಾಂಕಿಗೆ ನೀರು ತುಂಬಿ 5 ಸಲ ತಿರುವಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೊಮ್ಮೆ 20 ಸಲ. ಇಲ್‌ಫರ್ಡ್‌ನವರೇ ಹೇಳುವ ಪದ್ಧತಿ ಇದು. ಕೊನೆಯ ಅದ್ದಿಗೆ ಮಾತ್ರ ಬೋರ್ ನೀರು ಬೇಡವೇ ಬೇಡ, ಒಣಗಿದ ಮೇಲೆ ಸುಣ್ಣದ ಚುಕ್ಕಿ ನೆಗೆಟಿವ್ ಮೇಲೆ ಕೂತುಬಿಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ಗೆ ವೆಟಿಂಗ್ ಏಜೆಂಟ್ (ನೀರು ಹನಿಗಟ್ಟದೆ ಜಾರಿಹೋಗುವಂತೆ ಮಾಡುವ ದ್ರವ) ಒಂದೆರಡು ಹನಿ ಹಾಕಿದರೆ ಸಾಕು.

ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರ ಮಹಾದೇವ ದೇವಾಲಯದ ಒಳಗಿನ ಕಂಬಗಳನ್ನು ತೆಗೆಯುವಾಗ ಎರಡೂ ಕ್ಯಾಮರಾ ಜೊತೆಗಿದ್ದರೆ ಅನುಕೂಲ. ಟ್ರೈಪಾಡ್‌ಗೆ ಮೊದಲೇ ಅನುಮತಿ ಕೇಳಿಕೊಳ್ಳಿ. ಡಿಜಿಟಲ್‌ನಲ್ಲಿ ಐಎಸ್‌ಒ 400ಕ್ಕಿಟ್ಟು ಬೆಳಕು ಅಳೆಯಿರಿ. ಅಲ್ಲಿ 10 ಸೆಕೆಂಡ್ ಸರಿಬಂದರೆ ಎಚ್‌ಪಿ5ಗೆ 20 ಸೆಕೆಂಡ್ ಕೊಡಬೇಕು, 30 ಬಂದರೆ 86. ಮಂದ ಬೆಳಕಿನಲ್ಲಿ ಹೊತ್ತು ಹೋದಂತೆ ರೀಲಿನ ವೇಗ, ಅಂದರೆ ಬೆಳಕು ಹಿಡಿಯುವ ಶಕ್ತಿ, ಕುಗ್ಗುತ್ತದೆ. ಅಳೆದ ಸೆಕೆಂಡನ್ನು 1.31ರ ಘಾತಕ್ಕೆ ಏರಿಸಿದರೆ ಈ ಲೆಕ್ಕ ಬರುತ್ತದೆ, ಮೊಬೈಲ್ ಕ್ಯಾಲ್ಕ್ಯುಲೇಟರ್ ಅಡ್ಡ ಹಿಡಿದರೆ ಆ ಗುಂಡಿ ಕಾಣುತ್ತದೆ.