ಗುಲಾಬಿಯಾಗಿದ್ದ ಕೆಂಪು ಕಾರು

ಅಪ್ಪನ ಮಾರುತಿ 800, 1999ರ ಮಾಡೆಲ್. ಆರ್‌ಸಿಯಲ್ಲಿ ಬಣ್ಣ ಕೆಂಪು ಅಂತ ಇದೆ. ಹೋದ ವರ್ಷ ಅದನ್ನು ನೋಡಿದವರು ಯಾರೂ ಕೆಂಪು ಅಂತ ಒಪ್ಪುತ್ತಿರಲಿಲ್ಲ. ಬಾನೆಟ್ಟೂ ಟಾಪೂ ಬಿಳಚಿಕೊಂಡು ಬಾಂಬೆ ಮಿಠಾಯಿ ಬಣ್ಣಕ್ಕೆ ತಿರುಗಿದ್ದವು. ಬಾಗಿಲು ತೆಗೆದರೆ ಒಳ ಅಂಚಿನಲ್ಲಿ ಮಾತ್ರ ಅಸಲಿ ಬಣ್ಣ ಉಳಿದಿತ್ತು, ಹಣ್ಣು ಮೆಣಸಿನಕಾಯಿ ಥರ. ಬಿಸಿಲು ಬೀಳದ ಜಾಗ ಅದು.

ತುಮಕೂರಿನ ನಮ್ಮ ಮನೆಗೆ ಶೆಡ್ ಇಲ್ಲ. ಇಪ್ಪತ್ತು ಚಿಲ್ಲರೆ ವರ್ಷ ಗಾಡಿ ನಿಂತಿದ್ದು ಗೇಟಿನ ಮುಂದೆ, ಅರ್ಧ ದಿನ ಹೊಂಗೆ ನೆರಳಲ್ಲಿ, ಇನ್ನರ್ಧ ದಿನ ಪಡುವಣ ಬಿಸಿಲಲ್ಲಿ. ಬಾನೆಟ್ ಮೇಲೆ ಬೆರಳು ಎಳೆದರೆ ಚಾಕ್‌ಪೀಸಿನ ಥರ ಪುಡಿ ಅಂಟುತ್ತಿತ್ತು. ಅಕ್ಕಪಕ್ಕದವರೆಲ್ಲ ಹೇಳಿದ್ದು ಒಂದೇ ಮಾತು, "ಪೇಂಟ್ ಹೊಡೆಸಿಬಿಡಿ ಸಾರ್."

ಅದಕ್ಕೂ ಮುಂಚೆ ಒಂದು ಸಲ ಪಾಲಿಶ್ ಆಗಿತ್ತು. ಆ ಗ್ಯಾರೇಜಿನ ಹೆಸರು ಬೇಡ. ಅರ್ಧ ಗಂಟೆಯಲ್ಲಿ ಮುಗಿಸಿ, ಎಣ್ಣೆ ಹಚ್ಚಿದ ತಲೆ ಥರ ಮಿರಮಿರ ಅನ್ನಿಸಿ ಕೊಟ್ಟರು. ಅಪ್ಪನಿಗೂ ಖುಷಿ. ಎರಡು ಮಳೆ ಬಿತ್ತು, ಮತ್ತೆ ಅದೇ ಬಾಂಬೆ ಮಿಠಾಯಿ. ಜೊತೆಗೆ ಬಾನೆಟ್ಟಿನ ಏಣಿನ ಮೇಲೆ ಒಂದು ರೂಪಾಯಿ ಅಗಲ ಬೂದು ಬಣ್ಣ ಕಾಣಿಸುತ್ತಿತ್ತು. ಅದು ಪ್ರೈಮರ್, ಬಣ್ಣಕ್ಕೂ ಮುಂಚೆ ತಗಡಿಗೆ ಹೊಡೆಯೋ ಪದರ. ಮೆಷಿನ್ ಒಂದೇ ಕಡೆ ಒತ್ತಿ ಹಿಡಿದು ಪೇಂಟನ್ನೇ ತಿಂದು ಹಾಕಿದ್ದರು.

ಆ ಬೂದು ಮಚ್ಚೆ ನೋಡಿದ ಮೇಲೇ ನಾನು ಈ ವಿಷಯ ಓದೋಕೆ, ಪೇಂಟರ್‌ಗಳನ್ನು ಕೇಳೋಕೆ ಶುರು ಮಾಡಿದ್ದು. ಗೊತ್ತಾಗಿದ್ದು ಇಷ್ಟು: ಪಾಲಿಶ್ ಅಂದರೆ ಏನೋ ಹಚ್ಚೋದು ಅಂದುಕೊಂಡಿರುತ್ತೇವೆ, ಅಲ್ವಾ? ಅಲ್ಲ. ಅದು ತೆಗೆಯೋದು. ಮೇಲಿನ ಸತ್ತ ಪದರವನ್ನು ಕೂದಲೆಳೆಗಿಂತ ಎಷ್ಟೋ ಕಡಿಮೆ ದಪ್ಪದಲ್ಲಿ ಉಜ್ಜಿ ತೆಗೆದು, ಕೆಳಗಿನದನ್ನು ಮಟ್ಟ ಮಾಡೋದು. ಮಟ್ಟವಾಗಿದ್ದರೆ ಬೆಳಕು ನೆಟ್ಟಗೆ ವಾಪಸ್ ಬರುತ್ತೆ, ಅದೇ ಹೊಳಪು. ಗೀರು ಗೀರಾಗಿದ್ದರೆ ಬೆಳಕು ದಿಕ್ಕಾಪಾಲು, ಆಗ ಮಬ್ಬು.

ಹಳೇ ಗಾಡಿಗಳ ಕೆಂಪು, ಬಿಳಿಯಂಥ ಸಾದಾ ಬಣ್ಣಗಳಿಗೆ ಎಷ್ಟೋ ಸಲ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಇರುವುದಿಲ್ಲ. ಬಣ್ಣವೇ ಮೇಲಿನ ಪದರ. ಬಿಸಿಲಿನ ಅತಿನೇರಳೆ ಕಿರಣ ಪೇಂಟಿನೊಳಗಿನ ಅಂಟನ್ನು ಒಡೆದು ಹಾಕುತ್ತೆ. ಹಿಡಿದುಕೊಳ್ಳೋಕೆ ಅಂಟಿಲ್ಲದ ಬಣ್ಣದ ಕಣ ಪುಡಿಯಾಗಿ ಮೇಲೆ ಕೂರುತ್ತೆ. ನಮ್ಮ ಬೆರಳಿಗೆ ಅಂಟುತ್ತಿದ್ದದ್ದು ಅದೇ. ಕೆಳಗೆ ಕೆಂಪು ಇನ್ನೂ ಇದೆ ಅನ್ನೋದು ಒಳ್ಳೇ ಸುದ್ದಿ. ಜಾಸ್ತಿ ಇಲ್ಲ ಅನ್ನೋದು ಕೆಟ್ಟ ಸುದ್ದಿ. ಫ್ಯಾಕ್ಟರಿ ಪೇಂಟ್ ಪ್ರೈಮರ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತೆ. ಸರ್ಕಾರ ಈಗ 120 ಮೈಕ್ರಾನ್‌ಗಿಂತ ತೆಳು ಪ್ಲಾಸ್ಟಿಕ್ ಕೈಚೀಲ ಬೇಡ ಅಂದಿದೆಯಲ್ಲ, ಹೆಚ್ಚು ಕಡಿಮೆ ಆ ಕೈಚೀಲದಷ್ಟು ದಪ್ಪ. ಅಷ್ಟರಲ್ಲಿ ಉಜ್ಜೋಕೆ ಸಿಗೋದು ಮೇಲಿನ ಒಂದು ಪಾಲು ಮಾತ್ರ.

ಸರಿ, ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ಶುರು ಮಾಡಿದೆ. ಬಿಸಿಲು ಬಂದ ಮೇಲೆ ಮಾಡಬಾರದು, ತಗಡು ಬಿಸಿಯಾದರೆ ರಬ್ಬಿಂಗ್ ಕಾಂಪೌಂಡ್, ಅಂದರೆ ಉಜ್ಜೋಕೆ ಹಾಕೋ ಪೇಸ್ಟ್, ಅಲ್ಲೇ ಒಣಗಿ ಕಚ್ಚಿಕೊಳ್ಳುತ್ತೆ.

ಮೊದಲು ಚೆನ್ನಾಗಿ ತೊಳೆದೆ, ಎರಡು ಬಕೆಟ್ ಇಟ್ಟುಕೊಂಡು. ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಬಟ್ಟೆ ಜಾಲಿಸೋಕೆ. ಆಮೇಲೆ ಒಂದು ತೆಳು ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ ಬಾನೆಟ್ ಮೇಲೆ ಸವರಿ ನೋಡಿದೆ. ಬರಿ ಬೆರಳಿಗೆ ನುಣ್ಣಗೆ ಅನ್ನಿಸಿದ್ದ ಜಾಗವೆಲ್ಲ ಕವರಿನೊಳಗಿಂದ ರವೆ ಚೆಲ್ಲಿದ ಹಾಗೆ ತರತರ ಅನ್ನುತ್ತಿತ್ತು. ತೊಳೆದರೂ ಹೋಗದೆ ಕೂತಿರೋ ಟಾರಿನ ಹನಿ, ಮರದ ಅಂಟು, ಬ್ರೇಕಿನ ಕಬ್ಬಿಣದ ಪುಡಿ. ಇದನ್ನು ತೆಗೆಯೋಕೆ ಕ್ಲೇ ಬಾರ್ ಅಂತ ಸಿಗುತ್ತೆ, ಮಕ್ಕಳು ಆಡೋ ಮಣ್ಣಿನ ಥರ. ಸೋಪು ನೀರು ಚಿಮುಕಿಸಿ ಮೆಲ್ಲಗೆ ಜಾರಿಸಿದರೆ ಎಲ್ಲ ಎತ್ತಿಕೊಂಡು ಬರುತ್ತೆ. ಕೈಜಾರಿ ನೆಲಕ್ಕೆ ಬಿದ್ದರೆ ಮಾತ್ರ ಹೊಟ್ಟೆ ಉರಿದರೂ ಎಸೆಯಬೇಕು, ಮರಳು ಅಂಟಿದ ಕ್ಲೇ ಅಂದರೆ ವಾಟರ್ ಪೇಪರೇ. ನಾನು ಅರ್ಧ ತುಂಡು ಹಾಗೇ ಕಳೆದುಕೊಂಡೆ.

ಬಾಗಿಲ ಅಂಚು, ಬಾನೆಟ್ಟಿನ ಏಣು, ರಬ್ಬರ್ ಬೀಡಿಂಗ್, ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಹಾಕಿದೆ. ಏಣಿನ ಮೇಲೆ ಪೇಂಟ್ ತೆಳು, ಮೆಷಿನ್ ಒತ್ತಡವೂ ಅಲ್ಲೇ ಜಾಸ್ತಿ. ಆ ಬೂದು ಮಚ್ಚೆ ಬಂದಿದ್ದೂ ಅದಕ್ಕೇ.

ಮೊದಲ ಎರಡಡಿ ಜಾಗ ಕೈಯಲ್ಲೇ ಉಜ್ಜಿ ನೋಡಿದೆ. ಹಳೇ ಬನಿಯನ್ ತುಂಡಿಗೆ ಬಟಾಣಿ ಕಾಳಿನಷ್ಟು ರಬ್ಬಿಂಗ್ ಕಾಂಪೌಂಡ್ ಹಾಕಿ ಸಣ್ಣಸಣ್ಣ ಸುತ್ತು ಹಾಕುತ್ತಾ ಹೋದೆ. ಒಂದು ನಿಮಿಷಕ್ಕೆ ಬಟ್ಟೆ ಕೆಂಪಗಾಯಿತು. ಎರಡು ನಿಮಿಷಕ್ಕೆ ಎಲೆ ಅಡಿಕೆ ಉಗಿದ ಹಾಗೆ. ಕಾಫಿ ತಂದ ಅಮ್ಮ ಲೋಟ ಹಿಡಿದೇ ನಿಂತುಬಿಟ್ಟರು.

"ಬಣ್ಣ ಎಲ್ಲ ಕಿತ್ತು ಹಾಕ್ತಾ ಇದ್ದೀಯಲ್ಲೋ!"

ಹೌದಮ್ಮ, ಅದೇ ಕೆಲಸ ಅಂದೆ. ಒರೆಸಿದೆ. ಆ ಎರಡಡಿ ಚೌಕ ಹಣ್ಣು ಮೆಣಸಿನಕಾಯಿ. ಸುತ್ತ ಬಾಂಬೆ ಮಿಠಾಯಿ. ಅಮ್ಮ ಬಗ್ಗಿ ನೋಡಿದರು, ಅದರಲ್ಲಿ ಅವರ ಮುಖ, ಹಿಂದಿನ ತೆಂಗಿನ ಗರಿ ಎಲ್ಲ ಕಾಣುತ್ತಿತ್ತು. "ಉಳಿದಿದ್ದೂ ಇವತ್ತೇ ಮುಗಿಸು, ಹೀಗೆ ಬಿಟ್ಟರೆ ಅಸಹ್ಯ" ಅಂದರು.

ಇಡೀ ಗಾಡಿ ಕೈಯಲ್ಲಿ ಉಜ್ಜೋಕೆ ಆಗಲ್ಲ, ಭುಜ ಬಿದ್ದುಹೋಗುತ್ತೆ. ಗೆಳೆಯನ ಹತ್ತಿರ ಡ್ಯುಯಲ್ ಆ್ಯಕ್ಷನ್ ಮೆಷಿನ್ ಇತ್ತು, ತಂದಿದ್ದೆ. ಗ್ಯಾರೇಜುಗಳಲ್ಲಿ ಇರೋದು ಸಾಮಾನ್ಯವಾಗಿ ರೋಟರಿ, ಒಂದೇ ಅಕ್ಷದ ಮೇಲೆ ಗಿರಗಿರ ತಿರುಗುತ್ತೆ, ಕೆಲಸ ಬೇಗ, ಆದರೆ ಒಂದೇ ಕಡೆ ನಿಂತರೆ ಪೇಂಟ್ ಸುಡುತ್ತೆ. ಡ್ಯುಯಲ್ ಆ್ಯಕ್ಷನ್ ತಿರುಗುತ್ತಲೇ ಅಲುಗಾಡುತ್ತೆ, ಹಾಗಾಗಿ ಬಿಸಿ ಕಡಿಮೆ. ನಿಧಾನ ನಿಜ, ಕಲಿಯುವವರ ಕೈಗೆ ಅದೇ ಸರಿ. ಬೆಂಗಳೂರಿನ ಜೆಸಿ ರೋಡಿನಿಂದ ಫೋಮ್ ಪ್ಯಾಡ್ ನಾಲ್ಕು ತಂದಿದ್ದೆ, ಎರಡು ಸಾಕು ಅಂದುಕೊಂಡು. ನಾಲ್ಕೂ ಸಾಲಲಿಲ್ಲ. ಕ್ಲಿಯರ್ ಕೋಟ್ ಇಲ್ಲದ ಪೇಂಟಿನಲ್ಲಿ ಪ್ಯಾಡ್ ಬಣ್ಣ ಕುಡಿದು ಕಟ್ಟಿಕೊಳ್ಳುತ್ತೆ, ಮಧ್ಯೆ ಮಧ್ಯೆ ತೊಳೆದು ಒಣಗಿಸುತ್ತಾ ಕೂರಬೇಕು.

ಮೆಷಿನ್ ಆನ್ ಮಾಡೋಕೆ ಮುಂಚೆ ಪ್ಯಾಡನ್ನು ತಗಡಿಗೆ ತಾಗಿಸಿಕೊಳ್ಳಿ. ನಾನು ಗಾಳಿಯಲ್ಲೇ ಆನ್ ಮಾಡಿ ಕಾಂಪೌಂಡೆಲ್ಲ ಗೋಡೆಗೆ, ಕನ್ನಡಕಕ್ಕೆ, ಒಣಹಾಕಿದ್ದ ಪಂಚೆಗೆ ಸಿಡಿಸಿದೆ. ಆಮೇಲೆ ಮೆಷಿನ್ನಿನ ಭಾರ ಬಿಟ್ಟು ಜಾಸ್ತಿ ಒತ್ತದೆ, ಅಡ್ಡಡ್ಡ ಒಂದು ಸಲ ಉದ್ದುದ್ದ ಒಂದು ಸಲ, ಆಮೆ ನಡೆದ ಹಾಗೆ. ಕಾಂಪೌಂಡ್ ಆದಮೇಲೆ ಮೆತ್ತನೆ ಪ್ಯಾಡಿನಲ್ಲಿ ಸಣ್ಣ ಪಾಲಿಶ್, ಕಾಂಪೌಂಡ್ ಬಿಟ್ಟ ಮಬ್ಬು ತೆಗೆಯೋಕೆ. ಕೊನೆಗೆ ಕಾರ್ನೂಬಾ ವ್ಯಾಕ್ಸ್. ಬ್ರೆಜಿಲ್‌ನ ಒಂದು ಜಾತಿ ತಾಳೆ ಎಲೆಯಿಂದ ತೆಗೆಯೋ ಮೇಣ ಅದು. ವ್ಯಾಕ್ಸ್ ಗೀರು ತೆಗೆಯಲ್ಲ, ತೆಗೆದದ್ದನ್ನು ಸ್ವಲ್ಪ ದಿನ ಕಾಪಾಡುತ್ತೆ. ನಮ್ಮ ಬಿಸಿಲಿಗೆ ನಾನು ಎರಡು ತಿಂಗಳಿಗೊಮ್ಮೆ ಹಚ್ಚುತ್ತಿದ್ದೇನೆ.

ಟಾಪ್ ಪೂರ್ತಿ ಸರಿಹೋಗಲಿಲ್ಲ. ಮಧ್ಯದಲ್ಲಿ ಬಣ್ಣ ತೆಳುವಾಗಿ ಒಳಗಿನದು ಮಸುಕಾಗಿ ಕಾಣೋಕೆ ಶುರುವಾಯಿತು, ಅಲ್ಲೇ ನಿಲ್ಲಿಸಿದೆ. ಇನ್ನೊಂದು ಸುತ್ತು ಹೊಡೆಯೋ ಆಸೆ ಬಂದೇ ಬರುತ್ತೆ.

ಭಾನುವಾರ ಅದೇ ಹುರುಪಿನಲ್ಲಿ ನನ್ನ ಬೂದು ಬಣ್ಣದ ಹೊಸ ಗಾಡಿಗೂ ಕೈ ಹಾಕಿದೆ. ಅದರಲ್ಲಿ ಬಟ್ಟೆಗೆ ಬಣ್ಣ ಬರಲಿಲ್ಲ, ಅಂದರೆ ಮೇಲೆ ಕ್ಲಿಯರ್ ಕೋಟ್ ಇದೆ. ಅದಕ್ಕಿದ್ದ ರೋಗ ಬೇರೆ. ಬಿಸಿಲಲ್ಲಿ ನೋಡಿದರೆ ಜೇಡರ ಬಲೆ ಥರ ಸುತ್ತು ಸುತ್ತು ಗೀರು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಸಾಲಾಗಿ ಕಾರು ಒರೆಸಿಸಿಕೊಳ್ಳುತ್ತೇವಲ್ಲ, ಅದರ ಫಲ. ತಪ್ಪು ಒರೆಸುವವರದ್ದಲ್ಲ, ತಿಂಗಳಿಗೆ ನಾವು ಕೊಡೋ ದುಡ್ಡಿಗೆ ಇನ್ನೆಷ್ಟು ಸಲ ನೀರು ಬದಲಾಯಿಸುತ್ತಾರೆ? ಈ ಗೀರು ಸಣ್ಣ ಪಾಲಿಶ್‌ಗೆ ಹೋಯಿತು. ಉಗುರಿಗೆ ಸಿಕ್ಕುವಷ್ಟು ಆಳದ ಗೀರು ಮಾತ್ರ ಬಿಟ್ಟುಬಿಟ್ಟೆ. ಇನ್ನು ಕ್ಲಿಯರ್ ಕೋಟ್ ಬಿಳಿ ಪೊರೆಯಾಗಿ ಸಿಪ್ಪೆ ಏಳುತ್ತಿದ್ದರೆ ಯಾವ ಪಾಲಿಶ್ಶೂ ಕೆಲಸಕ್ಕೆ ಬರಲ್ಲ, ಅದಕ್ಕೆ ಪೇಂಟೇ ಗತಿ.

ಪೇಂಟ್ ಕಾಪಾಡೋಕೆ ಮೇಲೆ ಹಚ್ಚೋ ಗಟ್ಟಿ ಪದರ, ಸೆರಾಮಿಕ್ ಕೋಟಿಂಗ್, ಮಾಡಿಸಲಾ ಅಂತ ಕೇಳುವವರಿಗೆ ಒಂದು ಮಾತು. ಕೋಟಿಂಗ್ ಮಾಡುವವರು ಹೇಳೋ 9ಎಚ್ ಅನ್ನೋದು ಪೆನ್ಸಿಲ್ ಗಡಸುತನದ ಲೆಕ್ಕ, ಕಲ್ಲು ವಜ್ರದ್ದಲ್ಲ. ಕೆಳಗಿರೋ ಗೀರಿನ ಮೇಲೇ ಹೊಡೆದರೆ ಗೀರಿಗೇ ಗಾಜು ಹಾಕಿಸಿದ ಹಾಗೆ.

ಆಯುಧಪೂಜೆಗೆ ಅಪ್ಪ ಎಂದಿನಂತೆ ಬಾಳೆಕಂದು ಬಂಪರಿಗೆ ಸುತ್ತಲಿ ಹಗ್ಗದಲ್ಲಿ ಬಿಗಿದರು. ಪ್ರತಿ ವರ್ಷ ಆ ಹಗ್ಗ ಅಲ್ಲಾಡಿ ಅಲ್ಲಾಡಿ ಹೆಡ್‌ಲೈಟ್ ಪಕ್ಕ ಉಜ್ಜಿ ಹೋಗಿರುವುದು ನನಗೆ ಪಾಲಿಶ್ ಮಾಡುವಾಗಲೇ ಕಂಡಿತ್ತು. ಹೇಳೋಣ ಅಂತ ಹೋದೆ. ಅಷ್ಟರಲ್ಲಿ ಅವರು ಒಳಗಿಂದ ಅದೇ ಕೆಂಪು ಬನಿಯನ್ ತುಂಡು ತಂದು ಹಗ್ಗದ ಕೆಳಗೆ ತುರುಕುತ್ತಿದ್ದರು. "ಕುಂಕುಮ ಗಾಜಿಗೆ ಇಡು, ಬಾನೆಟ್ಟಿಗೆ ಬೇಡ" ಅಂತ ಅಮ್ಮನಿಗೆ ಹೇಳಿದರು.