ಹಿಂದಿನ ಸಾಲಿನ ಹೊಸಬರು

ರಾಯಚೂರಿನಲ್ಲಿ ತೆರಿಗೆ ಕೆಲಸ ಮಾಡುವ ನಮ್ಮಂಥವರಿಗೆ ತಿಂಗಳು ಮುಗಿಯುವುದು 20ನೇ ತಾರೀಕಿಗೆ. ಬಹಳಷ್ಟು ಪಾರ್ಟಿಗಳ, ಅಂದರೆ ನಾವು ಲೆಕ್ಕ ನೋಡುವ ವ್ಯಾಪಾರಿಗಳ, ಜಿಎಸ್‌ಟಿಆರ್-3ಬಿ (ತಿಂಗಳ ಜಿಎಸ್‌ಟಿ ಲೆಕ್ಕಪತ್ರ) ಹಾಕಲು ಅದೇ ಕೊನೆಯ ದಿನ. ಅದು ದಾಟಿದ ಮೇಲೆ ಬರುವ ಭಾನುವಾರ ನಮ್ಮ ತೆರಿಗೆ ಸಲಹೆಗಾರರ ಸಂಘದ ಸಭೆ. ಹೊಸ ಸದಸ್ಯರನ್ನು ನೋಡಿಕೊಳ್ಳುವ ಜವಾಬ್ದಾರಿ ಈ ವರ್ಷ ನನ್ನ ತಲೆಗೆ ಬಂತು.

ಇಷ್ಟು ದಿನ ಹೊಸಬರು ಚಂದಾ ಕಟ್ಟುತ್ತಿದ್ದರು, ರಸೀದಿ ಪಡೆಯುತ್ತಿದ್ದರು. ಹೆಸರು ಕೂಗಿ, ಶಾಲು ಹೊದಿಸಿ ಫೋಟೊ ತೆಗೆಯುತ್ತಿದ್ದೆವು. ಆಮೇಲೆ ಅವರು ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಾ ಕೂತರೆ ಮುಗಿಯಿತು. ಮುಂದಿನ ಸಭೆಗೆ ಪತ್ತೆ ಇಲ್ಲ. "ಈಗಿನ ಹುಡುಗರಿಗೆ ಆಸಕ್ತಿನೇ ಇಲ್ಲ ಬಿಡ್ರಿ" ಎನ್ನುತ್ತಾ ನಾವು ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದೆವು.

ಹಿರಿಯರಿಗೆ ಒಳಗೊಳಗೇ ಒಂದು ಭಯವೂ ಇದೆ. ಎಲ್ಲ ಹೇಳಿಕೊಟ್ಟರೆ ನಾಳೆ ನಮ್ಮ ಪಾರ್ಟಿಗಳನ್ನೇ ಸೆಳೆದುಕೊಂಡು ಹೋಗುತ್ತಾರೆ ಅಂತ. ರಾಜೇಂದ್ರ ಗಂಜ್ ಮಾರುಕಟ್ಟೆಯಲ್ಲಿ ಅಕ್ಕಪಕ್ಕದ ಅಂಗಡಿಗಳ ಲೆಕ್ಕ ಬೇರೆ ಬೇರೆಯವರ ಕೈಯಲ್ಲಿರುವಾಗ ಆ ಭಯ ಸುಮ್ನೆ ಹುಟ್ಟಿದ್ದಲ್ಲ.

ಈ ಸಲ ಸಭೆಗೆ ಮೊದಲೇ ಹೊಸಬರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. "ಈ ತಿಂಗಳು ಎಲ್ಲಿ ಸಿಕ್ಕಿಹಾಕ್ಕೊಂಡ್ರಿ?" ಎಂದು ಕೇಳಿದೆ ಅಷ್ಟೇ. ಮಾನ್ವಿಯ ಹುಡುಗಿಯೊಬ್ಬಳು ಒಂದೇ ಉಸಿರಿಗೆ ಎಲ್ಲ ಹೇಳಿಕೊಂಡಳು. ಆಕೆಯ ಪಾರ್ಟಿ ಒಂದು ಹತ್ತಿ ಜಿನ್ನಿಂಗ್ ಮಿಲ್ಲು. ರೈತರಿಂದ ನೇರವಾಗಿ ಹತ್ತಿ ಕೊಂಡರೆ ತೆರಿಗೆ ಕಟ್ಟಬೇಕಾದವರು ರೈತರಲ್ಲ, ಕೊಂಡ ಮಿಲ್ಲಿನವರು. ಅಷ್ಟು ಆಕೆಗೆ ಗೊತ್ತಿತ್ತು. ಆದರೆ ಬೇರೆ ಖರೀದಿಗಳ ಮೇಲೆ ಮಿಲ್ಲು ಆಗಲೇ ಕೊಟ್ಟ ತೆರಿಗೆ ಕ್ರೆಡಿಟ್ ಆಗಿ ಜಮಾ ಇತ್ತು. ಮಿಲ್ಲಿನ ಗುಮಾಸ್ತರು, "ಕ್ರೆಡಿಟ್ ಇಷ್ಟೊಂದು ಬಿದ್ದೈತಿ, ಅದರಾಗೇ ವಜಾ ಮಾಡವ್ವ" ಎಂದು ಬೆನ್ನು ಹತ್ತಿದ್ದರು. ಜಿಎಸ್‌ಟಿ ಪೋರ್ಟಲ್ ಒಪ್ಪುತ್ತಿರಲಿಲ್ಲ. ಯಾರನ್ನು ಕೇಳಬೇಕು?

ಸಭೆಯಲ್ಲಿ ಭಾಷಣಕ್ಕೆ ಮೊದಲು ಈ ಪ್ರಶ್ನೆ ಇಟ್ಟೆ. ಹೆಸರು ಹೇಳಲಿಲ್ಲ. ನಮ್ಮ ಹಿರಿಯರೊಬ್ಬರು, ಜಿಎಸ್‌ಟಿಗೆ ಹಿಂದಿದ್ದ ವ್ಯಾಟ್ ತೆರಿಗೆಗೂ ಮೊದಲಿನ ಕಾಲದಿಂದ ಈ ಕೆಲಸ ಮಾಡಿದವರು, ಎದ್ದು ನಿಂತರು. "ಯಾರದು ಪ್ರಶ್ನೆ?" ಹುಡುಗಿ ಅಳುಕುತ್ತಲೇ ಕೈ ಎತ್ತಿದಳು. ಅವರು ಮುಂದಿನ ಕುರ್ಚಿ ಬಿಟ್ಟು ಹಿಂದಕ್ಕೆ ಹೋಗಿ ಆಕೆಯ ಪಕ್ಕದಲ್ಲೇ ಕೂತರು. "ಕ್ರೆಡಿಟ್‌ನಾಗ ವಜಾ ಆಗಂಗಿಲ್ಲ ತಂಗಿ. ರಿವರ್ಸ್ ಚಾರ್ಜ್, ಅಂದ್ರ ಮಾರಿದವರ ಬದಲು ಕೊಂಡವರು ಕಟ್ಟೋ ತೆರಿಗಿ, ರೊಕ್ಕದಾಗೇ ಕಟ್ಟಬೇಕು. ಕಟ್ಟಿದ ಮ್ಯಾಲೆ ಅದರ ಕ್ರೆಡಿಟ್ ತಗೋ." 2017ರ ನವೆಂಬರ್‌ನಲ್ಲಿ ಹತ್ತಿಗೆ ಈ ನಿಯಮ ಬಂದಾಗ ಇಲ್ಲಿನ ಮಿಲ್ಲುಗಳಲ್ಲಿ ಎದ್ದ ಗದ್ದಲವನ್ನೆಲ್ಲ ಬಿಡಿಸಿ ಹೇಳಿದರು. ಹಿಂದಿನ ಸಾಲಿನ ಮೊಬೈಲುಗಳು ಜೇಬಿಗೆ ಹೋದವು.

ಅಲ್ಲಿಗೇ ನಿಂತಿದ್ದರೆ ಅದು ಇನ್ನೊಂದು ಪಾಠ ಆಗುತ್ತಿತ್ತು ಅಷ್ಟೇ. ಮಿರ್ಚಿ ಬಿಡುವಿನಲ್ಲಿ ಅದೇ ಹಿರಿಯರು ಚೀಲದಿಂದ ಒಂದು ಪ್ರಿಂಟ್ ಕಟ್ಟು ತೆಗೆದರು. ಪೋರ್ಟಲ್‌ನಲ್ಲಿ 14ನೇ ತಾರೀಕಿಗೆ ಬರುವ 2ಬಿ ಪಟ್ಟಿ, ಅಂದರೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ. ಪಾರ್ಟಿಯ ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡಿ, ಒಂದೊಂದು ಸಾಲಿಗೂ ಕೆಂಪು ಪೆನ್ಸಿಲ್ಲಿನಲ್ಲಿ ಟಿಕ್ ಹಾಕಿದ್ದರು. ಕೆಲವು ಕಡೆ ಕಾಗದವೇ ಹರಿದಿತ್ತು. ಸಿಂಧನೂರಿನ ಹುಡುಗನೊಬ್ಬ ಬಗ್ಗಿ ನೋಡಿದ. "ಸರ್, ಇದನ್ನ ಎಕ್ಸೆಲ್‌ನಾಗ ಮಾಡಿ ತೋರಿಸ್ಲೇನ್ರಿ?" ಎರಡೂ ಪಟ್ಟಿ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡ, ಒಂದು ಸೂತ್ರ ಹಾಕಿದ. ತಾಳೆಯಾಗದ ಬಿಲ್ಲುಗಳಷ್ಟೇ ಹಳದಿ ಬಣ್ಣದಲ್ಲಿ ಎದ್ದು ಕಂಡವು. ಹಿರಿಯರು ಮೊದಲು ನಂಬಲಿಲ್ಲ. ತಮ್ಮ ಕೆಂಪು ಟಿಕ್‌ಗಳ ಜೊತೆ ಹೋಲಿಸಿ ನೋಡಿದರು. "ಎಲಾ ಇವನ! ಎರಡು ದಿನದ ಕೆಲಸಲೇ ಇದು" ಎಂದು ಹುಡುಗನ ಬೆನ್ನಿಗೊಂದು ಗುದ್ದಿದರು.

ಆ ಮೇಲೆ ಅಧ್ಯಕ್ಷರ ಭಾಷಣ ಯಾರೂ ಕೇಳಲಿಲ್ಲ. ಅವರಿಗೆ ಸ್ವಲ್ಪ ಬೇಜಾರಾಯಿತು, ಆಗಲಿ.

ಮುಂದಿನ ಸಭೆಯ ಪ್ರಶ್ನೆ ಕೂಡಿಸುವ ಕೆಲಸವನ್ನು ಮಾನ್ವಿಯ ಹುಡುಗಿಗೆ ಒಪ್ಪಿಸಿದೆವು. ಎಕ್ಸೆಲ್ ಪಾಠ ಸಿಂಧನೂರಿನ ಹುಡುಗನದು. ಆದರೆ ಅವನದೊಂದು ಷರತ್ತು. ಸಭೆ ಸಿಂಧನೂರಿನಲ್ಲೇ ಆಗಬೇಕಂತೆ. ಅಲ್ಲಿನ ಅಕ್ಕಿ ಮಿಲ್ಲುಗಳ ಲೆಕ್ಕ ನೋಡುವ ಹುಡುಗರು ರಾಯಚೂರಿನವರೆಗೆ ಬಸ್ಸಿನಲ್ಲಿ ಬಂದರೆ ಭಾನುವಾರ ಪೂರ್ತಿ ಹೋಯಿತು, ಅಲ್ವಾ? ಇಲ್ಲಿನ ಹಿರಿಯರಲ್ಲಿ ಕೆಲವರು "ಅಷ್ಟು ದೂರ ಯಾರು ಬರ್ತಾರ್ರಿ" ಎಂದು ಮುಖ ತಿರುಗಿಸಿದ್ದಾರೆ. ಕೆಂಪು ಪೆನ್ಸಿಲ್ಲಿನವರು ಮಾತ್ರ ಆಗಲೇ ಕಾರು ಗೊತ್ತು ಮಾಡಿ, ನನಗೂ ಒಂದು ಸೀಟು ಹಿಡಿದಿದ್ದಾರೆ.